ಸಾವಂತ್ರವ್ವ ತೆರೆಯದೆ ಇಟ್ಟ ವಿಡಿಯೋ

ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿನ ನನ್ನ ಮೊಬೈಲ್ ಅಂಗಡಿಗೆ ಅರ್ಧ ಜನ ಬರುವುದೇ ಸ್ಕ್ರೀನ್‌ಶಾಟ್ ತೆಗೆಸಲು. ಒಂದು ಫೋನಿನಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಇನ್ನೊಂದರಲ್ಲಿ ಮೂರು ಬೆರಳು ಕೆಳಗೆಳೆಯಬೇಕು. ಹೇಳಿಕೊಟ್ಟಷ್ಟೂ ಮರೆತು ಮತ್ತೆ ಬರುತ್ತಾರೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. ಸಾವಂತ್ರವ್ವನ ಮೇಲೆ ಮಾತ್ರ ರೇಗಲು ಆಗುತ್ತಿರಲಿಲ್ಲ, ಯಾಕೆಂದರೆ ಆಕೆ ನನಗಿಂತ ಜೋರು.

ಆಕೆ ಕನ್ನೊಳ್ಳಿಯವಳು. ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿದು, ಬುಟ್ಟಿ ಹೊತ್ತು ತಂದು ಸಿಂದಗಿಯ ಖಾನಾವಳಿಗಳಿಗೆ ಕೊಡುತ್ತಾಳೆ. ಹೆಂಚಿನ ಬಿಸಿಗೆ ಬೆರಳ ತುದಿಗಳು ಕೊರಡಾಗಿವೆ. ಫೋನಿಗೆ ಆ ಬೆರಳು ತಿಳಿಯುವುದಿಲ್ಲ. ಒಂದು ಒತ್ತಿದರೆ ಇನ್ನೊಂದು ಆಗುತ್ತದೆ. ಹಿಂದೊಮ್ಮೆ ಹೀಗೇ ಒತ್ತಿ, ಮಗಳ ಫೋಟೋಗಳನ್ನೆಲ್ಲ ಅಳಿಸಿಕೊಂಡು ಬಂದಿದ್ದಳು.

“ಈ ಡಬ್ಬಿಗೂ ನನ್ನ ಕೈಗೂ ಆಗಿಬರೂದಿಲ್ಲ ನೋಡಪಾ ಸಂಗಮೇಶ.”

“ಇನ್ನ ಮ್ಯಾಲೆ ಮಗಳ ಕೈಲೆ ಒತ್ತಸ್ರಿ,” ಎಂದು ನಕ್ಕಿದ್ದೆ.

ಮಗಳು ಸಾಕ್ಷಿ ಬಸವನ ಬಾಗೇವಾಡಿಯ ಹಾಸ್ಟೆಲ್‌ನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ರಜೆಗೆ ಊರಿಗೆ ಬರುವಾಗ ಟಂಟಂ ಆಟೋ ಉರುಳಿ ದಾರಿಯಲ್ಲೇ ತೀರಿಕೊಂಡಳು. ಅವಳ ಫೋನೂ ಪುಡಿಯಾಯಿತು. ಅಂದು ಹೊರಡುವ ಮುಂಚೆ ಅವ್ವನ ವಾಟ್ಸ್‌ಆ್ಯಪ್‌ಗೆ ಒಂದು ವಿಡಿಯೋ ಕಳಿಸಿದ್ದಳು.

ಮತ್ತೆ ಸಾವಂತ್ರವ್ವ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಮಗಳ ವರ್ಷದ ಪೂಜೆ ಹತ್ತಿರ ಬಂದಾಗ. ಸೆರಗಿನ ಗಂಟು ಬಿಚ್ಚಿ ಫೋನನ್ನು ಗಾಜಿನ ಮೇಜಿನ ಮೇಲಿಟ್ಟಳು.

“ಇದನ್ನ ತೆರದ ಕೊಡಪಾ. ಪೂಜಿಗೆ ಮಂದಿ ಕೂಡಿದಾಗ ತೋರಸ್ತೇನಿ.”

ನೋಡಿದೆ. ಸಾಕ್ಷಿಯ ಮಂಜು ಮಂಜಾದ ಮುಖ, ಅದರ ನಟ್ಟನಡುವೆ ಕೆಳಮುಖದ ಬಾಣ. ಆಕೆ ವಿಡಿಯೋವನ್ನು ಫೋನಿಗೆ ಇಳಿಸಿಯೇ ಇರಲಿಲ್ಲ.

“ಇಷ್ಟ ದಿನ ಯಾಕ ಒತ್ತಿಲ್ರಿ?”

“ಒತ್ತಿದ್ರ ಇದೂ ಅಳಿಸಿ ಹೋದೀತು ಅಂತ ಅಂಜಿಕಿ. ಮುಟ್ಟಲಾರದ ಜ್ವಾಪಾನ ಮಾಡಿಟ್ಟೇನಿ.”

ನಾನು ಒತ್ತಿದೆ. ವಿಡಿಯೋ ಸಿಗುತ್ತಿಲ್ಲ, ಕಳಿಸಿದವರಿಂದ ಮತ್ತೆ ತರಿಸಿಕೊಳ್ಳಿ ಎಂದಿತು ಫೋನು. ಕೆಲವು ವಾರಗಳಲ್ಲಿ ಇಳಿಸಿಕೊಳ್ಳದಿದ್ದರೆ ಇಂಥವು ಕಂಪನಿಯ ಸರ್ವರಿನಿಂದಲೇ ಅಳಿಸಿಹೋಗುತ್ತವೆ. ಅದನ್ನು ಈ ತಾಯಿಗೆ ಯಾವ ಬಾಯಲ್ಲಿ ಹೇಳಲಿ? ನನ್ನ ಕಸುಬಿನ ಮೇಲೇ ಹೇಸಿಕೆ ಹುಟ್ಟಿತು. ಕೊನೆಗೆ ಹೇಳಿದೆ. ಆಕೆ ಜಗಳಕ್ಕೆ ಬಿದ್ದಿದ್ದರೆ ಚೆನ್ನಾಗಿತ್ತು. ಬೀಳಲಿಲ್ಲ.

“ಮತ್ತ ಕಳಸು ಅಂತ ಯಾರಿಗೆ ಹೇಳ್ಲಿ?” ಅಂದಳು. ಫೋನನ್ನು ನನ್ನ ಕಡೆ ಸರಿಸಿ, “ಆಕಿ ಮಾರಿದಾದ್ರೂ ಒಂದ ಫೋಟೋ ತಗದ ಕೊಡು” ಅಂದಳು.

ಎರಡು ಗುಂಡಿ ಒತ್ತಿ ಸ್ಕ್ರೀನ್‌ಶಾಟ್ ತೆಗೆದೆ. ಮುಖದ ಮೇಲೆ ಬಾಣವೂ ಬಂತು. ವಾಟ್ಸ್‌ಆ್ಯಪನ್ನು ಕಂಪ್ಯೂಟರಿಗೆ ಜೋಡಿಸಿ, ದೊಡ್ಡ ಪರದೆಯಲ್ಲಿ ಸ್ಪಷ್ಟವಾದೀತೆಂದು ಪ್ರಿಂಟ್ ಸ್ಕ್ರೀನ್ ಗುಂಡಿ ಒತ್ತಿದೆ. ಮಂಜು ಇನ್ನಷ್ಟು ದೊಡ್ಡದಾಯಿತು, ಅಷ್ಟೇ. ಬಾಣವನ್ನು ಅಳಿಸಿ ನೋಡಿದೆ. ಅದರ ಕೆಳಗೆ ಮೂಗೂ ಇರಲಿಲ್ಲ, ಬಾಯೂ ಇರಲಿಲ್ಲ.

“ಬಾಣ ಇರ್ಲಿ ಬಿಡು,” ಅಂದಳು. “ಅದಿದ್ರ ಒಳಗ ಆಕಿ ಮಾತು ಐತಿ ಅಂತ ಅನಸ್ತೈತಿ.”

ಪ್ರಿಂಟ್ ತೆಗೆದುಕೊಟ್ಟೆ. ಪೂಜೆಯ ದಿನ ಕನ್ನೊಳ್ಳಿಗೆ ನಾನೂ ಹೋದೆ. ಗಾಜಿನ ಕಟ್ಟು ಹಾಕಿಸಿದ ಆ ಪ್ರಿಂಟಿಗೆ ಸೇವಂತಿಗೆ ಮಾಲೆ ಹಾಕಿದ್ದಳು. ಬಂದವರೆಲ್ಲ ಅದನ್ನು ನೋಡಿ, ಕೈಮುಗಿದು ಊಟಕ್ಕೆ ಕೂತರು. ಮಂದಿ ಅತ್ತ ಹೋದ ಮೇಲೆ ಸಾವಂತ್ರವ್ವ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಗಾಜಿನ ಮೇಲೆ, ಬಾಣ ಇದ್ದಲ್ಲಿ, ಬೆರಳಿಟ್ಟಳು. ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನನ್ನ ಬೆರಳಿಗೆ ಆಗೂದಿಲ್ಲಪಾ. ನೀ ಒಮ್ಮೆ ಒತ್ತು.”

ನಾನು ಒತ್ತಿದೆ.