ಕೆಸರಿಗೆ ಅಡ್ಡ ಹಾಸಿದ ಹುಲ್ಲು

ನನ್ನ ಮೊಮ್ಮಗಳು ಇವತ್ತು ಮೊದಲ ಸಲ ತಾನೇ ನಿಂತು ಆಕಳ ಹೆರಿಗೆ ಮಾಡಿಸಿದಳು. ಹೆಣ್ಣುಗರು! ನೆದರ್‌ಲ್ಯಾಂಡ್ಸಿನ ನೈಮೆಗನ್ ಊರಿನ ಹತ್ತಿರದ ದನದ ಫಾರ್ಮಿನಲ್ಲಿ ಆಕೆ ಕೆಲಸ ಕಲಿಯುತ್ತಾಳೆ. ನೋಡಲು ನಾನೂ ಹೋಗಿದ್ದೆ.

ಚಳಿಗಾಲದ ಮಳೆಗೆ ಗೇಟಿನ ಬಳಿ ಮೊಣಕಾಲುದ್ದ ಕೆಸರು. ನೋವು ಶುರುವಾದ ಆಕಳು ಅದರಾಚೆ ನಿಂತುಬಿಟ್ಟಿತ್ತು. ಕರು ಕೆಸರಿನಲ್ಲೇ ಬಿದ್ದು ಥಂಡಿಗೆ ಸತ್ತೀತೆಂದು ಮೊಮ್ಮಗಳ ಮುಖ ಬಾಡಿತು. ನಾನು ಆಕಳನ್ನು "ಬಾ ನನ್ನವ್ವಾ" ಎಂದು ಕರೆದೆ.

"ಅದಕ್ಕ ಡಚ್ ಅಷ್ಟ ತಿಳೀತದ, ಅಜ್ಜಿ."

"ನೋವು ತಿನ್ನಾಕಿಗೆ ಭಾಷಾ ಯಾಕ? ಕಾಲಿಗೆ ಗಟ್ಟಿ ನೆಲಾ ಬೇಕು. ಹುಲ್ಲು ತಾ."

ತಂದಳು, ಆದರೆ ದಾರಿಯುದ್ದಕ್ಕೆ ಹಾಸಿದಳು.

"ಉದ್ದ ಹಾಸಿದ್ರ ಜಾರತದ. ಅಡ್ಡ ಹಾಸು."

ನಮ್ಮ ಕರಿಮಣ್ಣಿನ ಹೊಲದ ದಾರಿಗೆ ನನ್ನತ್ತೆ ಜೋಳದ ಒಣದಂಟಿನ ಕಣಕಿಯನ್ನು ಹಾಗೇ ಅಡ್ಡ ಹಾಸಿ ದನ ದಾಟಿಸುತ್ತಿದ್ದರು. ಆ ನೆನೆದ ಕಣಕಿಯ ಸಿಹಿ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಮೊಮ್ಮಗಳು ಅಡ್ಡ ಹಾಸಿದ ಹುಲ್ಲನ್ನು ಆಕಳು ಮೂಸಿತು, ಒಂದೊಂದೇ ಹೆಜ್ಜೆ ಇಟ್ಟು ಕೊಟ್ಟಿಗೆಗೆ ಬಂದು ಈದಿತು. ಕರು ಕುಡಿದು ಮಿಕ್ಕ ಹಾಲನ್ನು ಫಾರ್ಮಿನ ಯಜಮಾನ ಡಬ್ಬಿಗೆ ಹಾಕಿಕೊಟ್ಟ.

ಸಂಜೆ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಬೇಯಿಸಿದೆ. ಮಗ, ಸೊಸೆ, ಮೊಮ್ಮಗಳು, ನಾನು ಒಂದೇ ತಾಟಿನ ಸುತ್ತ ಕುಳಿತು ತಿಂದೆವು. ಮೊಮ್ಮಗಳು ಕೆಸರು ಬೂಟು ಬಿಚ್ಚಿರಲಿಲ್ಲ, ಯಾರೂ ಬೈಯಲಿಲ್ಲ.