ಐದು ಚೊಂಬು ತೆಳು, ಒಂದು ಚೊಂಬು ಗಟ್ಟಿ

ಪುಟ್ಟಿ, ಗುಂಡಣ್ಣ, ನಿಮ್ಮ ಅಮ್ಮನನ್ನು ಟೀಚರ್ ಆಗಿದ್ದು ಹೇಗೆ ಎಂದು ಕೇಳಿದರೆ ಓದಿ ಆದೆ ಎಂದಷ್ಟೇ ಹೇಳುತ್ತಾಳೆ. ಅದೇನೋ ನಿಜ. ಆದರೆ ನಡುವೆ ಒಂದು ಲೆಕ್ಕ ತಪ್ಪಿತ್ತು. ಎದುರು ಕೂತು ಕತೆ ಹೇಳಲು ನಿಮ್ಮ ಈ ಅಜ್ಜಿಗೆ ನಾಚಿಕೆ, ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮ ಮದುವೆಯಾಗಿ ಬಂದಾಗ ಬಿ.ಎ. ಐದು ಸೆಮಿಸ್ಟರ್ ಮುಗಿಸಿದ್ದಳು. ಕೊನೆಯದೊಂದು ಉಳಿದಿತ್ತು. ಅಷ್ಟರಲ್ಲಿ ಪುಟ್ಟಿ ಬಂದಳು, ಹಿಂದೆಯೇ ಗುಂಡಣ್ಣ ಬಂದ. ನೀವಿಬ್ಬರೂ ಅಂಗನವಾಡಿಗೆ ಹೋಗುವಂತಾದ ಮೇಲೆ ಅವಳು ಮತ್ತೆ ತರೀಕೆರೆ ಕಾಲೇಜಿಗೆ ಹೊರಟಳು. ಡಿಗ್ರಿ ಸಿಕ್ಕರೆ ಸಾಲದು, ಬಿ.ಎಡ್. ಸೇರಬೇಕಾದರೆ ಆರೂ ಸೆಮಿಸ್ಟರ್ ಸೇರಿ ನೂರಕ್ಕೆ ಐವತ್ತು ಇರಲೇಬೇಕು. ಐದರಲ್ಲಿ ಅವಳಿಗೆ ಬಂದಿದ್ದು ನಲವತ್ತೆಂಟು. ಟೀಚರ್ ಆಗಬೇಕೆಂಬುದು ಅವಳ ಚಿಕ್ಕಂದಿನ ಆಸೆ.

ಒಂದು ದಿನ ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ನಲವತ್ತೆಂಟು, ಅದರ ಕೆಳಗೆ ಐವತ್ತೆರಡು, ಕೂಡಿದರೆ ನೂರು, ಅರ್ಧ ಮಾಡಿದರೆ ಐವತ್ತು. ಈ ಸಲ ಐವತ್ತೆರಡು ತೆಗೆದರೆ ಆಯಿತು ಎಂದು ಅವಳಿಗೆ ಬಹಳ ಸಂತೋಷ. ಅರ್ಥಶಾಸ್ತ್ರ ತಲೆಗೆ ಹತ್ತುವುದಿಲ್ಲ, ಅದರಲ್ಲಿ ಪಾಸಾದರೆ ಸಾಕು, ಉಳಿದದ್ದರಲ್ಲಿ ತುಂಬಿಕೊಳ್ಳುತ್ತೇನೆ ಎಂದು ಆ ಪುಸ್ತಕವನ್ನು ಮೊಸರಿನ ಗಡಿಗೆಯ ಮೇಲೆ ಮುಚ್ಚಳವಾಗಿ ಇಟ್ಟುಬಿಟ್ಟಳು.

ನಾನು ಓದಿದ್ದು ಏಳನೇ ಕ್ಲಾಸು, ಅದೂ ಹಿರೇನಲ್ಲೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ಬಾಗಿಲ ಮೇಲಿನ ಲೆಕ್ಕ ಎರಡು ದಿನ ನನಗೂ ಸರಿಯಾಗಿಯೇ ಕಂಡಿತು. ಮೂರನೆಯ ದಿನ ಎಮ್ಮೆಯ ಕೆಚ್ಚಲಿಗೆ ಕೈ ಹಾಕಿದಾಗ ಹೊಳೆಯಿತು. ನಿಮ್ಮ ತಾತ ಇದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ. ಹಸುವಿನ ಹಾಲಿಗೆ ಒಂದಿಷ್ಟು ಎಮ್ಮೆ ಹಾಲು ಸೇರಿಸಿದರೆ ಡೈರಿಯ ಮಿಷಿನ್ನಿನಲ್ಲಿ ಫ್ಯಾಟು, ಅಂದರೆ ಹಾಲಿನ ಕೊಬ್ಬು, ಎರಡರ ಮಧ್ಯಕ್ಕೆ ಬಂದು ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ತಾತ ಒಂದು ವಾರ ಆಡಿಕೊಂಡು ನಕ್ಕರು.

ಹೇಳಬೇಕು ಅನ್ನಿಸಿತು. ಆದರೆ ಕಾಲೇಜಿಗೆ ಹೋಗುವ ಸೊಸೆಗೆ ನಿನ್ನ ಲೆಕ್ಕ ತಪ್ಪು ಎಂದು ನಾನು ಹೇಗೆ ಹೇಳಲಿ? ಒಂದು ಸಲ ಬಾಗಿಲ ಹತ್ತಿರ ಹೋಗಿ ನಿಂತು ಕೆಮ್ಮಿದೆ. ಅವಳು ಕಷಾಯ ಮಾಡಿ ತಂದುಕೊಟ್ಟಳು. ಕುಡಿದು ಲೋಟ ತೊಳೆದಿಟ್ಟೆ. ಹೀಗೆ ಅವಳು ಬಾಗಿಲ ಮೇಲೆ ಬರೆದು ಎಂಟು ದಿನ ಆಗಿಹೋಯಿತು. ಪರೀಕ್ಷೆಗೆ ಉಳಿದಿದ್ದು ಒಂದೂವರೆ ತಿಂಗಳು.

ಬೆಳಿಗ್ಗೆ ಡೈರಿಗೆ ಹಾಲು ಹಾಕುತ್ತಿದ್ದವಳು ಅವಳೇ. ಹಸುವಿನದು ಒಂದು ಕ್ಯಾನು, ಎಮ್ಮೆಯದು ಇನ್ನೊಂದು. ಹಸುವಿನ ಹಾಲಿಗೆ ದಿನವೂ ಮೂರೂವರೆ ಫ್ಯಾಟು, ಎಮ್ಮೆ ಹಾಲಿಗೆ ಆರೂವರೆ, ಅವಳಿಗೆ ಬಾಯಿಪಾಠ. ಒಂಬತ್ತನೆಯ ದಿನ ನಾನು ಒಂದೇ ಕ್ಯಾನಿಗೆ ಐದು ಚೊಂಬು ಹಸುವಿನ ಹಾಲು, ಒಂದು ಚೊಂಬು ಎಮ್ಮೆ ಹಾಲು ಅವಳೆದುರೇ ಸುರಿದೆ. ಎಷ್ಟು ಬರಬಹುದು ಎಂದು ಕೇಳಿದೆ. ಐದು ಎಂದಳು ತಟ್ಟನೆ. ಸರಿ, ಡೈರಿಯಲ್ಲಿ ಫ್ಯಾಟು ಬರೆದುಕೊಡುವ ಚೀಟಿ ತಗೊಂಡು ಬಾ ಎಂದೆ.

ಅವಳು ಚೀಟಿ ನೋಡಿಕೊಂಡೇ ವಾಪಸ್ ಬಂದಳು.

"ಅತ್ತೆ, ನಾಕೇ ಬಂದೈತೆ. ಮಿಷಿನ್ ಕೆಟ್ಟಿರ್ಬೇಕು."

ನಾನು ಚೊಂಬು ತೊಳೆಯುತ್ತ, ಅವಳ ಮುಖ ನೋಡದೆ ಹೇಳಿದೆ: "ಮಿಷಿನ್ ಚೆನ್ನಾಗೈತೆ ಕಣೇ. ಐದು ಚೊಂಬು ತೆಳು ಹಾಲ್ನ ಒಂದು ಚೊಂಬು ಗಟ್ಟಿ ಹಾಲು ಎಷ್ಟು ಅಂತ ಎತ್ತೀತು? ಬಾಗ್ಲು ಮೇಲೆ ಬರ್ದಿದ್ದೀಯಲ್ಲ, ಅದೂ ಹಂಗೇ."

ಅವಳು ಜಗಲಿಯ ಮೇಲೆ ಕೂತುಬಿಟ್ಟಳು. ಆಮೇಲೆ ಚೀಟಿಯ ಹಿಂದೆಯೇ ಬರೆಯತೊಡಗಿದಳು. ಒಂದೊಂದು ಸೆಮಿಸ್ಟರಿಗೂ ಐನೂರು ಅಂಕ. ಐದರಲ್ಲಿ ಬಂದಿದ್ದು ಒಟ್ಟು ಸಾವಿರದ ಇನ್ನೂರು. ಆರಕ್ಕೂ ಸೇರಿ ಬೇಕಾದದ್ದು ಸಾವಿರದ ಐನೂರು. ಹಾಗಾದರೆ ಈ ಸಲ ಐನೂರಕ್ಕೆ ಮುನ್ನೂರು, ನೂರಕ್ಕೆ ಅರವತ್ತು. ಐವತ್ತೆರಡು ತೆಗೆದಿದ್ದರೆ ನಲವತ್ತು ಅಂಕ ಕಡಿಮೆ ಬಿದ್ದು ಬಿ.ಎಡ್. ಕೈತಪ್ಪುತ್ತಿತ್ತು. ಅಜ್ಜಂಪುರದ ಕಡೆಯಿಂದ ತರೀಕೆರೆ ಬಸ್ಸು ಬಂದು, ಹಾರನ್ ಹೊಡೆದು ಹೊರಟೂ ಹೋಯಿತು. ಅವಳು ಏಳಲಿಲ್ಲ.

"ಎಂಟು ದಿನದಿಂದ ಬಾಗ್ಲು ಮೇಲೈತೆ. ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಓದ್ದೋಳು. ನಾನೇನಂತ ಹೇಳ್ಲಿ?"

"ಅದಕ್ಕೆ ಹಾಲಿನ ಕೈಲಿ ಹೇಳ್ಸಿದ್ರಾ?"

ಬೈಯುತ್ತಾಳೆಂದುಕೊಂಡಿದ್ದೆ. ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು. ನನಗೂ ನಗು ತಡೆಯಲಿಲ್ಲ. ಒಳಗಿನಿಂದ ನೀವಿಬ್ಬರೂ ಓಡಿ ಬಂದು, ಯಾಕೆಂದು ತಿಳಿಯದಿದ್ದರೂ ನಮ್ಮ ಜೊತೆ ಸೇರಿಕೊಂಡಿರಿ.

ಅವತ್ತೇ ಅರ್ಥಶಾಸ್ತ್ರ ಗಡಿಗೆಯಿಂದ ಇಳಿಯಿತು. ಮಧ್ಯಾಹ್ನ ಅವಳು ಕಾಲೇಜಿನಿಂದ ಬಂದ ಮೇಲೆ ನಾನು ಪುಸ್ತಕ ಹಿಡಿದು ಪ್ರಶ್ನೆ ಓದುವುದು, ಅವಳು ಅವರೆಕಾಯಿ ಸುಲಿಯುತ್ತ ಉತ್ತರ ಹೇಳುವುದು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ನೀವು ಪ್ರಶ್ನೆ ಮುಗಿಸೋದ್ರೊಳಗೆ ನನಗೆ ಎರಡು ಸಲ ಉತ್ತರ ನೆನಪಾಗುತ್ತೆ ಎಂದು ರೇಗಿಸುತ್ತಿದ್ದಳು. 'ಅನುಭೋಗಿಯ ಸಾರ್ವಭೌಮತ್ವ' ಎಂಬುದು ನನ್ನ ಬಾಯಲ್ಲಿ ಒಂದು ದಿನವೂ ನೆಟ್ಟಗೆ ಹೊರಡಲಿಲ್ಲ. ಪರೀಕ್ಷೆಯಲ್ಲಿ ಅದೇ ಬಂತಂತೆ. ನನ್ನ ಉಚ್ಚಾರಣೆ ನೆನೆದು ನಗುತ್ತ ಬರೆದಳಂತೆ.

ರಿಸಲ್ಟ್ ಬಂದ ದಿನ ತರೀಕೆರೆ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದಳು. ಬಸ್ಸುಗಳ ಗಲಾಟೆಯಲ್ಲಿ ನನಗೆ ಕೇಳಿಸಿದ್ದು ಏಳು ಎಂಬುದೊಂದೇ. ಏಳು ಕಡಿಮೆ ಬಿತ್ತು ಎಂದುಕೊಂಡು, ಹೋಗಲಿ ಬಿಡಮ್ಮ, ಊಟಕ್ಕೆ ಬಾ ಎಂದೆ.

"ಕಡಿಮೆ ಅಲ್ಲ ಅತ್ತೆ, ಜಾಸ್ತಿ. ಮುನ್ನೂರ ಏಳು."

ಬಿ.ಎಡ್. ಮುಗಿಸಿ ಈಗ ಅವಳು ಕಡೂರಿನ ಶಾಲೆಯಲ್ಲಿ ಪಾಠ ಹೇಳುವುದು ನಿಮಗೇ ಗೊತ್ತು. ಮಕ್ಕಳು ಲೆಕ್ಕ ತಪ್ಪಿದರೆ ಅವಳು ಬೈಯುವುದಿಲ್ಲವಂತೆ.

ಈ ಹಾಳೆಗಳನ್ನು ಅವಳಿಗೆ ಈಗಲೇ ತೋರಿಸಬೇಡಿ, ಓದಿ ಎಲ್ಲರೆದುರು ಹೇಳಿಬಿಡುತ್ತಾಳೆ, ನಾನು ಎಲ್ಲಿ ಮುಖ ಮುಚ್ಚಿಕೊಳ್ಳಲಿ? ನನ್ನ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇಡಿ. ಅಲ್ಲಿಗೆ ಇಲಿ ಹೋಗುವುದಿಲ್ಲ. ನೀವು ದೊಡ್ಡವರಾಗಿ ಸೀರೆ ಯಾರಿಗೆ ಕೊಟ್ಟರೂ ಸರಿ, ಹಾಳೆ ಮಾತ್ರ ನಿಮ್ಮ ಹತ್ತಿರವೇ ಇರಲಿ.