ಬಾಗಿಲಿಗೆ ಮುಖ ಮಾಡಿದ ಟೀವಿ

ಹೊಸ ಟೀವಿ ಬಂದ ದಿನ ನಮ್ಮ ಮನೆಯಲ್ಲಿ ಗೋಡೆಗಾಗಿ ಜಗಳವಾಯಿತು. ಹಳೆಯದು ಸ್ಟೂಲಿನ ಮೇಲಿತ್ತು. ಸಂಜೆಯಾದರೆ ಅವ್ವ ಅದರ ಮುಖವನ್ನು ಬಾಗಿಲ ಕಡೆ ತಿರುಗಿಸುತ್ತಿದ್ದಳು, ನಮ್ಮ ಹೊಲದ ಕೆಲಸಕ್ಕೆ ಬರುವ, ನಾವೆಲ್ಲ ಮೌಶಿ ಎಂದು ಕರೆಯುವ ಹೆಂಗಸು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಅವಳ ಜಾತಿಯವರು ನಮ್ಮ ಹೊಸ್ತಿಲು ದಾಟುವುದಿಲ್ಲ. ದಾಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ, ದಾಟಿದ್ದನ್ನೂ ನೋಡಿಲ್ಲ. ಹೊಸದನ್ನೋ ಗೋಡೆಗೆ ಜಡಿಯಬೇಕು, ತಿರುಗಿಸುವ ಮಾತೇ ಇಲ್ಲ.

ಟೀವಿ ಜಡಿಯಲು ಉಮರ್ಗಾದಿಂದ ಬಂದ ಮರಾಠಿ ಫಿಟ್ಟರ್ ನಾವು ಕೂರುವ ದಿವಾನದ ಎದುರಿನ ಗೋಡೆ ತೋರಿಸಿದ. ಅವ್ವ ಬಾಗಿಲಿನ ಎದುರಿನ ಗೋಡೆಯನ್ನೇ ಹಿಡಿದು ಕೂತಳು.

"ಕಾಕೂ, ಇಥೇ ಊನ ಯೇತಂ," ಅಲ್ಲಿ ಬಿಸಿಲು ಬೀಳುತ್ತದೆ ಎಂದ ಆತ.

"ಬೀಳ್ಲಿ ಬಿಡಪಾ. ಆಕಿಗಿ ಕಾಣಬೇಕಲ್ಲ?"

ನನ್ನ ಅವ್ವನ ಮನಸ್ಸು ಎಷ್ಟು ದೊಡ್ಡದು ಎಂದು ಹೆಮ್ಮೆಪಟ್ಟೆ. ದಿವಾನ ಸರಿಸಿದರೆ ಅಡುಗೆಮನೆಗೆ ದಾರಿಯಿಲ್ಲ. ಹೀಗಾಗಿ ಮನೆಯವರೆಲ್ಲ ಕತ್ತು ಹೊರಳಿಸಿಕೊಂಡು ಟೀವಿ ನೋಡತೊಡಗಿದೆವು. ಅಪ್ಪನಿಗೆ ಕುತ್ತಿಗೆ ಹಿಡಿದು ಮನೆ ತುಂಬ ಮುಲಾಮಿನ ವಾಸನೆ.

ಆಗ ಹಿಂದಿಗೆ ಡಬ್ ಆದ ಪರದೇಶದ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತು. ಕರಿಯರು ಬಿಳಿಯರ ಜೊತೆ ಕೂರಬಾರದು ಎಂಬ ಹಳೇ ಕಾಲದ ಒಂದು ಊರು. ಅಲ್ಲಿಯ ಹೋಟೆಲಿನವನು ಬಿಳಿಯ. ಅವನಿಗೆ ಕರಿಯ ಗಿರಾಕಿ ಬೇಕು, ಆದರೆ ಒಳಗೆ ಬರಬಾರದು. ಅದಕ್ಕೆ ಗೋಡೆಗೆ ಕಿಂಡಿ ಕೊರೆದ. ತಟ್ಟೆ ಹೊರಗೆ ಹೋಗಲು ಗಾಲಿ, ಹಗ್ಗ ಕಟ್ಟಿದ. ಅದಕ್ಕೆ ಜಾಗ ಸಾಲದೆ ಮೇಜುಗಳನ್ನು ಎತ್ತಿಸಿದ. ಕಡೆಗೆ ಬಿಳಿಯರೆಲ್ಲ ತಟ್ಟೆ ಹಿಡಿದು ನಿಂತೇ ಉಣ್ಣಬೇಕಾಯಿತು.

ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಒಳಗ ಕರದ್ರ ಮುಗೀತಿತ್ತಲ್ಲ! ಇಷ್ಟ್ಯಾಕ ಖಟಪಟಿ?"

ಮೆಟ್ಟಿಲ ಮೇಲಿನಿಂದಲೂ ನಗು ಬರುತ್ತಿತ್ತು, ಆದರೆ ನಾವು ನಕ್ಕಲ್ಲಿ ಅಲ್ಲ. ಹೋಟೆಲಿನವನು ಕಿಂಡಿಯಲ್ಲಿ ಮುಖವಿಟ್ಟು ಇನ್ನಷ್ಟು ಬಡಿಸಲೇ ಎಂದು ಉಪಚಾರ ಮಾಡುವಾಗಲೆಲ್ಲ ಮೌಶಿ ನಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ಅದರಲ್ಲಿ ನಗುವಂಥದ್ದೇನು ಎಂದು ಕೇಳಿದೆ.

"ಎಷ್ಟ್ ಪ್ರೀತಿ, ಎಷ್ಟ್ ಮಾಯಾ ಮಾಡ್ತಾನ ನೋಡ್ರಿ ಅಂವಾ," ಎಂದಳು. "ಗ್ವಾಡಿನೇ ಒಡದಾನ. ಬಾಗ್ಲಾ ತಗಿಯೋದೊಂದು ಆಗವಲ್ದು."

ಅವ್ವನ ನಗು ನಿಂತಿತು. ಕುತ್ತಿಗೆ ಉಜ್ಜಿಕೊಳ್ಳುತ್ತಿದ್ದ ಅಪ್ಪ ಟೀವಿ ನೋಡಿದ, ಬಾಗಿಲು ನೋಡಿದ. ಅವ್ವ ಎದ್ದು ಹೊಸ್ತಿಲ ಹತ್ತಿರ ಬಂದಳು.

"ಒಳಗ ಬಾ."

"ಬ್ಯಾಡ್ರೀ. ಇಲ್ಲಿಂದ ಛಲೋ ಕಾಣ್ತದ."

"ಕಾಣೂ ಮಾತಲ್ಲ. ಬಾ."

ಮೌಶಿ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ಬಂದವಳು ಟೀವಿಯತ್ತ ತಿರುಗಲೇ ಇಲ್ಲ. ಜಂತಿ ನೋಡಿದಳು, ಕಪಾಟು ನೋಡಿದಳು, ಬಾಗಿಲ ಮಗ್ಗುಲಿನ, ಮೆಟ್ಟಿಲಿಗೆ ಕಾಣದ ಗೋಡೆಯ ಮುಂದೆ ನಿಂತಳು. ಅಲ್ಲಿ ತೀರಿಹೋದ ನಮ್ಮ ಅಜ್ಜಿಯ ಫೋಟೋ. ಅದಕ್ಕೆಂದು ಸೋಮವಾರಕ್ಕೊಮ್ಮೆ ಹೊಲದಿಂದ ಚೆಂಡುಹೂ ತಂದು ಮೆಟ್ಟಿಲ ಮೇಲೆ ಇಡುವವಳು ಇವಳೇ.

ಒಣಗಿದ ಹಾರವನ್ನು ಮುಟ್ಟದೆ ಹತ್ತಿರದಿಂದ ನೋಡಿದಳು.

"ಇಲ್ಲಿ ಹಾಕೀರೇನ್ರೀ ಮುದುಕೀಗಿ? ನನ್ನ ಹೂವ ಎಲ್ಲಿ ಹೋಗ್ತಾವ ಅಂತಿದ್ನಿ."